ಕ್ರಾಸ್‌ಮ್ಯಾಚ್ ನೆಗೆಟಿವ್, ಸಿ4ಡಿ ನೆಗೆಟಿವ್: ಆದರೂ ಪ್ರತಿಕಾಯಗಳಿಂದಾದ ತಿರಸ್ಕಾರವೇ?

ಪ್ರಶ್ನೆ: ಕಿಡ್ನಿ ಕಸಿಗೆ ಮುಂಚೆ ಟಿ ಕೋಶಗಳ ಮೇಲಿನ ಸಿಡಿಸಿ ಕ್ರಾಸ್‌ಮ್ಯಾಚ್ (ರೋಗಿಯ ಸೀರಂ ದಾನಿಯ ಕೋಶಗಳನ್ನು ಕೊಲ್ಲುತ್ತದೆಯೇ ಎಂಬ ಪರೀಕ್ಷೆ) ನೆಗೆಟಿವ್. 14 ತಿಂಗಳ ಬಳಿಕ ಕ್ರಿಯಾಟಿನಿನ್ 1.2ರಿಂದ 1.9ಕ್ಕೆ ಏರಿದೆ. ದಾನಿಯ ಡಿಕ್ಯು7 (ಕೋಶದ ಮೇಲಿನ ಒಂದು ಎಚ್‌ಎಲ್‌ಎ ಗುರುತು) ವಿರುದ್ಧ ಪ್ರತಿಕಾಯ ಸಿಕ್ಕಿದೆ, ಎಂಎಫ್‌ಐ (ಬೀಡ್ ಪರೀಕ್ಷೆಯ ಅಂಕಿ) 6,500. ಬಯಾಪ್ಸಿಯಲ್ಲಿ ಜಿ1 (ಗ್ಲೋಮೆರುಲಸ್‌ನ ಉರಿಯೂತದ ಅಂಕ), ಪಿಟಿಸಿ2 (ಕಿಡ್ನಿಯ ಕೊಳವೆಗಳ ಸುತ್ತಲಿನ ಲೋಮನಾಳಗಳ ಉರಿಯೂತದ ಅಂಕ), ಸಿ4ಡಿ 0. ಪ್ರತಿಕಾಯವೇ ಕಾರಣ ಎಂದರೆ ಒಪ್ಪಬಹುದೇ? ಕ್ರಾಸ್‌ಮ್ಯಾಚ್‌ಗೆ ಅದೇಕೆ ಕಾಣಲಿಲ್ಲ?

ಉತ್ತರ 1: ಒಪ್ಪಬಹುದು. ಕಸಿ ಬಯಾಪ್ಸಿ ಓದುವ ಬ್ಯಾನ್ಫ್ ಮಾನದಂಡದ 2013ರ ಪರಿಷ್ಕರಣೆಯ ನಂತರ ಸಿ4ಡಿ ಕಡ್ಡಾಯವಲ್ಲ. ಜಿ ಮತ್ತು ಪಿಟಿಸಿ ಕೂಡಿ 2 ದಾಟಿದೆ, ದಾನಿ-ವಿರೋಧಿ ಪ್ರತಿಕಾಯವೂ ಇದೆ. ಸಿ4ಡಿ ಎಂದರೆ ಕಾಂಪ್ಲಿಮೆಂಟ್ (ಪ್ರತಿಕಾಯ ಎಬ್ಬಿಸುವ ರಕ್ತದ ರಕ್ಷಣಾ ಪ್ರೋಟೀನ್‌ಗಳು) ಬಿಟ್ಟುಹೋದ ಹೆಜ್ಜೆಗುರುತು: ಪ್ರತಿಕಾಯ ಕಳಚಿಕೊಂಡರೂ ಅದು ಲೋಮನಾಳದ ಗೋಡೆಗೆ ರಾಸಾಯನಿಕವಾಗಿ ಬೆಸೆದುಕೊಂಡೇ ಇರುತ್ತದೆ. ಆದರೆ ಪ್ರತಿಕಾಯದ ಐಜಿಜಿ2, ಐಜಿಜಿ4 ಉಪವರ್ಗಗಳು ಕಾಂಪ್ಲಿಮೆಂಟನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಎನ್‌ಕೆ ಕೋಶಗಳು (ಬೇರೆ ಕೋಶಗಳನ್ನು ಕೊಲ್ಲುವ ಒಂದು ಬಗೆಯ ಬಿಳಿ ರಕ್ತಕಣ) ಪ್ರತಿಕಾಯದ ಬಾಲವನ್ನು ಹಿಡಿದು ನೇರವಾಗಿಯೂ ಗೋಡೆಗೆ ಹಾನಿ ಮಾಡಬಲ್ಲವು. ಅಲ್ಲಿ ಸಿ4ಡಿ ಹುಡುಕಿ ಪ್ರಯೋಜನವಿಲ್ಲ. ಅಂದಹಾಗೆ, ಸಿ4ಡಿಗೆ ಬಣ್ಣ ಹಾಕಿದ್ದು ಪ್ಯಾರಾಫಿನ್ (ಮೇಣದಲ್ಲಿಟ್ಟ) ತುಣುಕಿನ ಮೇಲೋ, ಫ್ರೋಜನ್ (ಹೆಪ್ಪುಗಟ್ಟಿಸಿದ) ತುಣುಕಿನ ಮೇಲೋ? ಪ್ಯಾರಾಫಿನ್‌ನಲ್ಲಿ ಸೂಕ್ಷ್ಮತೆ ಕಡಿಮೆ.

ಪ್ರಶ್ನೆ ಕೇಳಿದವರು: ಪ್ಯಾರಾಫಿನ್.

ಉತ್ತರ 2: ಕ್ರಾಸ್‌ಮ್ಯಾಚ್ ವಿಷಯ. ವಿಶ್ರಾಂತ ಟಿ ಕೋಶಗಳ ಮೇಲೆ ಡಿಕ್ಯು ಇರುವುದೇ ಇಲ್ಲ, ಬಿ ಕೋಶಗಳ ಮೇಲಿರುತ್ತದೆ. ಹಾಗಾಗಿ ಆ ಪರೀಕ್ಷೆಗೆ ಡಿಕ್ಯು ಪ್ರತಿಕಾಯ ಯಾವತ್ತೂ ಕಾಣದು. ಕಸಿಯ ಹಿಂದಿನ ಸೀರಂ ಫ್ರೀಜರ್‌ನಲ್ಲಿದ್ದರೆ ಒಂದೊಂದು ಮಣಿಗೆ ಒಂದೊಂದೇ ಎಚ್‌ಎಲ್‌ಎ ಅಂಟಿಸಿದ ಸಿಂಗಲ್ ಆಂಟಿಜನ್ ಬೀಡ್‌ ಪರೀಕ್ಷೆಗೆ ಹಾಕಿಸಿ. ಆಗಲೇ ಇತ್ತೋ, ಹೊಸದಾಗಿ ಹುಟ್ಟಿತೋ ಗೊತ್ತಾಗುತ್ತದೆ. ಹೊಸದಾಗಿ ಹುಟ್ಟುವವುಗಳಲ್ಲಿ ಡಿಕ್ಯು ವಿರೋಧಿಗಳೇ ಹೆಚ್ಚು. ಅದರ ಹಿಂದೆ ಸಾಮಾನ್ಯವಾಗಿ ಔಷಧ ಸಾಲದಿರುವುದು ಇರುತ್ತದೆ, ಆದ್ದರಿಂದ ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್‌ನ ಟ್ರಫ್‌ನ (ಮುಂದಿನ ಡೋಸ್‌ಗೆ ಮುಂಚಿನ ರಕ್ತಮಟ್ಟ) ಇಡೀ ವರ್ಷದ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ. ಇತ್ತೀಚಿನದೊಂದು 7 ಇದ್ದರೆ ಅದನ್ನೇ ನಂಬಬೇಡಿ: ಪರೀಕ್ಷೆಗೆ ಮುಂಚಿನ ಮೂರ್ನಾಲ್ಕು ದಿನ ಸರಿಯಾಗಿ ನುಂಗಿದರೂ ಅದು ಬಂದುಬಿಡುತ್ತದೆ.

ಉತ್ತರ 3: 6,500ನ್ನು ಪ್ರತಿಕಾಯದ ಪ್ರಮಾಣ ಎಂದು ಓದಬೇಡಿ, ಅದು ಬೀಡಿನ ಹೊಳಪು ಮಾತ್ರ. ಪ್ರತಿಕಾಯ ತೀರಾ ಹೆಚ್ಚಿದ್ದಾಗ ಕಾಂಪ್ಲಿಮೆಂಟ್ ಬೀಡಿಗೆ ಅಂಟಿ, ಹೊಳಪು ಕೊಡುವ ಎರಡನೇ ಪ್ರತಿಕಾಯಕ್ಕೆ ಜಾಗವೇ ಇಲ್ಲದಂತಾಗಿ ಅಂಕಿ ಇಳಿದು ಕಾಣುತ್ತದೆ. ಸೀರಂಗೆ ಕಾಂಪ್ಲಿಮೆಂಟ್ ತಡೆಯುವ ಇಡಿಟಿಎ ಸೇರಿಸಿ ಅಥವಾ 1:10 ತೆಳುಮಾಡಿ ಮತ್ತೆ ಮಾಡಿಸಿ. ತೆಳುಮಾಡಿದಾಗ ಅಂಕಿ ಏರಿದರೆ ಮೊದಲನೆಯದು ಸುಳ್ಳು.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಟ್ಯಾಕ್ರೊಲಿಮಸ್ ಟ್ರಫ್ 5ರ ಮೇಲಿಡುವುದು, ತಿರಸ್ಕಾರ ತಡೆಯುವ ಇನ್ನೊಂದು ಔಷಧ ಮೈಕೋಫಿನೊಲೇಟ್‌ನ ಡೋಸ್ ಸರಿಪಡಿಸುವುದು, ನಿಲ್ಲಿಸಿದ್ದರೆ ಸ್ಟೀರಾಯ್ಡ್ ಮರಳಿ ಕೊಡುವುದು. ಬಯಾಪ್ಸಿಯಲ್ಲಿ ಟಿ ಕೋಶದ ತಿರಸ್ಕಾರವೂ ಇದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಪ್ಲಾಸ್ಮಾ ವಿನಿಮಯ ಮಾಡುವುದಾದರೆ ಐವಿಐಜಿ (ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲೋಬ್ಯುಲಿನ್) ಪ್ರತಿ ಕೆ.ಜಿ.ಗೆ 100 ಮಿ.ಗ್ರಾಂ., ಪ್ರತಿ ಸರದಿ ಮುಗಿದ ಮೇಲೆ. ಮೊದಲೇ ಕೊಟ್ಟರೆ ಪ್ಲಾಸ್ಮಾ ಜೊತೆ ಅದೂ ಹೊರಗೆ ಹೋಗುತ್ತದೆ. ರಿಟುಕ್ಸಿಮ್ಯಾಬ್ ಮೇಲೆ ಹೆಚ್ಚು ಭರವಸೆ ಇಡಲಾರೆ. ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶದ ಮೇಲೆ ಆ ಔಷಧದ ಗುರಿಯಾದ ಸಿಡಿ20 ಇಲ್ಲ.