ಕೋವಿ ಲೈಸೆನ್ಸ್: ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಕೋವಿ ಲೈಸೆನ್ಸಿನ ಕೇಸುಗಳನ್ನು ನೋಡುವ ನಮ್ಮ ಗುಂಪಿನ ವಕೀಲರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ಕೊಪ್ಪದ ಬೆಳೆಗಾರ: ಸಾರ್, ನಮ್ಮದು ಅಜ್ಜನ ಕಾಲದ ಕೇಪಿನ ಕೋವಿ. ಲೈಸೆನ್ಸ್ ಅಪ್ಪನ ಹೆಸರಲ್ಲಿತ್ತು. ಅಪ್ಪ ಹೋಗಿ ಎಂಟು ತಿಂಗಳಾಯಿತು. ಕೋವಿ ಅಟ್ಟದಲ್ಲಿದೆ. ನನ್ನ ಹೆಸರಿಗೆ ಮಾಡಿಸಿಕೊಳ್ಳುವುದು ಹೇಗೆ?

ವಕೀಲರು: ಅಟ್ಟದಲ್ಲಿ ಇಟ್ಟುಕೊಂಡಿರುವುದೇ ತಪ್ಪು. ಲೈಸೆನ್ಸ್ ನಿಮ್ಮ ತಂದೆಗೆ ಕೊಟ್ಟಿದ್ದು, ಮನೆಗಲ್ಲ. ಅವರು ತೀರಿಕೊಂಡ ಮೇಲೆ ತಡ ಮಾಡದೆ ಠಾಣೆಗೋ, ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ತಗೊಳ್ಳಬೇಕಿತ್ತು. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೂ ಜೈಲು. ನಾಳೆ ಬೆಳಿಗ್ಗೆ ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ಆಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟು ನಿಮ್ಮ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ.

ಸಾಗರದವನು: ಇದು ನಿಜಾನಾ ಸಾರ್? "ಸಂತೋಷದ ಸುದ್ದಿ!! ಇನ್ನು ಮುಂದೆ ರೈತರಿಗೆ ಕೋವಿ ಲೈಸೆನ್ಸ್ ಬೇಡ. 100 ರೂಪಾಯಿ ಛಾಪಾ ಕಾಗದಕ್ಕೆ ನೋಟರಿ ಮಾಡಿಸಿದರೆ ಸಾಕು. ಕೊಡಗಿನವರಿಗಿದ್ದ ನಿಯಮ ಈಗ ಎಲ್ಲರಿಗೂ. ಎಲ್ಲಾ ಗುಂಪಿಗೂ ಕಳಿಸಿ."

ವಕೀಲರು: ಸುಳ್ಳು. ಕೊಡಗಿನಲ್ಲಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಅಲ್ಲಿನ ಹಳೆಯ ಜಮ್ಮಾ ಜಮೀನಿನ ಹಿಡುವಳಿದಾರರಿಗೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಅಷ್ಟೇ. ನಮ್ಮ ಜಿಲ್ಲೆಗೆ ಅದು ಬರುವುದಿಲ್ಲ. ಛಾಪಾ ಕಾಗದದಿಂದ ಕೋವಿ ಕೈ ಬದಲಾಗುವುದಿಲ್ಲ. ಇದನ್ನು ನಂಬಿ ಕೋವಿ ಕೊಂಡವರ ಕೇಸು ನಡೆಸಿದ್ದೇನೆ. ದಯವಿಟ್ಟು ಮುಂದೆ ಕಳಿಸಬೇಡಿ.

ಸೊರಬ ರೈತ: ಮಂಗಗಳ ಕಾಟ ವಿಪರೀತ. ಏರ್‌ಗನ್‌ಗೆ ಲೈಸೆನ್ಸ್ ಬೇಕಾ?

ವಕೀಲರು: 4.5 ಮಿ.ಮೀ. ಒಳಗಿನ ನಳಿಗೆ, 20 ಜೌಲ್ ಒಳಗಿನ ಶಕ್ತಿ ಇದ್ದರೆ ಬೇಡ. ಅದಕ್ಕಿಂತ ಜಾಸ್ತಿ ಇದ್ದರೆ ಬೇಕು. ಆದರೆ ಯಾವ ಗನ್ನಿನಿಂದ ಹೊಡೆದರೂ ಅರಣ್ಯ ಇಲಾಖೆಯ ಕೇಸು ಬೇರೆ ಬೀಳುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಶಿಕಾರಿಯ ಲೈಸೆನ್ಸ್ ಅಲ್ಲ.

ನಗರ ಹೋಬಳಿ: ನಮಸ್ಕಾರ ಸಾರ್. ಅಪ್ಪನಿಗೆ 71 ವರ್ಷ. ಒಂಟಿ ನಳಿಗೆ ತೋಟಾ ಕೋವಿ ಇದೆ. ನವೀಕರಣಕ್ಕೆ ಎರಡೂವರೆ ತಿಂಗಳು ಉಳಿದಿದೆ. ಡಾಕ್ಟರ ಪ್ರಮಾಣಪತ್ರ ಬೇಕು ಅಂದರು. ಅಪ್ಪ ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಎರಡು ವರ್ಷದಿಂದ ತೋಟದಲ್ಲಿ ಏನೂ ಇಲ್ಲ, ಸೊಸೈಟಿ ಸಾಲ ಬೇರೆ. ರಾತ್ರಿ ನಿದ್ದೆ ಮಾಡುವುದಿಲ್ಲ, ಜಗುಲಿಯಲ್ಲಿ ಕೋವಿ ಒರೆಸುತ್ತಾ ಕೂರುತ್ತಾರೆ. ಮೊನ್ನೆ ತೋಟದ ಕಾಗದವನ್ನೆಲ್ಲ ತಮ್ಮನ ಕೈಗೆ ಕೊಟ್ಟು "ಇನ್ನು ನೀನೇ ನೋಡಿಕೋ" ಅಂದರು. ಅಪ್ಪ ಬಾರದೆ ಪ್ರಮಾಣಪತ್ರ ಮಾಡಿಸಬಹುದಾ?

ರಿಪ್ಪನ್‌ಪೇಟೆ ಹುಡುಗ: ನೋಡಿ, 71ರ ಹಿರಿಯರಿಗೂ ಅಲೆದಾಟ. ಅಮೆರಿಕದಲ್ಲಿ ಕೋವಿ ಅನ್ನುವುದು ಹಕ್ಕು, 1791ರಿಂದ ಅವರ ಸಂವಿಧಾನದಲ್ಲೇ ಇದೆ. ನಾವು ಮಾತ್ರ ಕೈಮುಗಿದು ನಿಲ್ಲಬೇಕು. ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಗದ್ದೆ ಪೂರ್ತಿ ಹೋಗುತ್ತದೆ. ಚುನಾವಣೆ ಬಂದರೆ ಇದ್ದ ಕೋವಿಯೂ ಠಾಣೆ ಸೇರುತ್ತದೆ.

ತೀರ್ಥಹಳ್ಳಿ ಮೇಷ್ಟ್ರು (ನಿವೃತ್ತ): ಆ ಹಕ್ಕಿನ ಲೆಕ್ಕವನ್ನೂ ಹೇಳಪ್ಪ. 2021ರ ಒಂದೇ ವರ್ಷ ಅಲ್ಲಿ ಗುಂಡಿಗೆ 48,830 ಜನ ಸತ್ತರು. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬ 35 ಜನರನ್ನು ಕೊಂದ. ಸರ್ಕಾರ ಕಾನೂನು ಬಿಗಿ ಮಾಡಿ ಸುಮಾರು ಆರೂವರೆ ಲಕ್ಷ ಕೋವಿಗಳನ್ನು ದುಡ್ಡು ಕೊಟ್ಟು ವಾಪಸು ತೆಗೆದುಕೊಂಡಿತು. ಅಲ್ಲಿನ ರೈತರ ಹತ್ತಿರ ಈಗಲೂ ಕೋವಿ ಇದೆ. ಯಾಕೆ ಬೇಕು ಅಂತ ಕಾರಣ ಕೊಟ್ಟು ಲೈಸೆನ್ಸ್ ತಗೊಳ್ಳುತ್ತಾರೆ.

ರಿಪ್ಪನ್‌ಪೇಟೆ ಹುಡುಗ: ಮೇಷ್ಟ್ರೇ, ನಿಮಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಕಾಟಿ ತುಳಿದ ತೋಟ ನಿಮ್ಮದಲ್ಲ.

ತೀರ್ಥಹಳ್ಳಿ ಮೇಷ್ಟ್ರು (ನಿವೃತ್ತ): ನನಗೂ ಮೂರು ಎಕರೆ ಇದೆ. ಮಾತು ಹಿಡಿತದಲ್ಲಿರಲಿ.

ಆಗುಂಬೆ ಕಡೆಯವಳು: ನನ್ನ ಯಜಮಾನರ ಮೊಣಕಾಲಿನಲ್ಲಿ ಇನ್ನೂ ಚರೆ ಇದೆ. ಹಂದಿ ಅಂತ ಪೊದೆಗೆ ಈಡು ಹೊಡೆದರು, ಒಳಗಿದ್ದವರು ಇವರು. ಹೊಡೆದವನೂ ನಮ್ಮ ಊರಿನವನೇ, ಒಳ್ಳೆಯವನೇ. ಆ ರಾತ್ರಿ ಕೇಸಿಗೆ ಹೆದರಿ ಬೆಳಗಿನವರೆಗೆ ತೋಟದ ಮನೆಯಲ್ಲೇ ಮಲಗಿಸಿದ್ದರು.

ಸಾಗರದವನು: ಅಕ್ಕಾ, ಚರೆ ತಾಗಿದರೆ ಕಾಫಿಪುಡಿ, ಅರಿಶಿನ ತುಂಬಿ ಕಟ್ಟಿದರೆ ರಕ್ತ ನಿಲ್ಲುತ್ತದಂತೆ. ಈಗಷ್ಟೇ ಬಂದ ಮೆಸೇಜು.

ವಕೀಲರು: ಸಾಗರದವರೇ, ಸಾಕು ಮಾಡಿ. ಗುಂಡಿನ ಗಾಯಕ್ಕೆ ಯಾವ ಪುಡಿಯನ್ನೂ ತುಂಬಬೇಡಿ. ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ತಿಳಿಸಲಿ. ಕೇಸು ಆಮೇಲೆ ನೋಡಿಕೊಳ್ಳಬಹುದು. ಹೋದ ರಕ್ತ ಯಾವ ವಕೀಲನೂ ತರಲಾರ.

ಅಮೆರಿಕ, ಆಸ್ಟ್ರೇಲಿಯಾದ ಗದ್ದಲದಲ್ಲಿ ನಗರ ಹೋಬಳಿಯ ಹೆಣ್ಣುಮಗಳ ಪ್ರಶ್ನೆ ಎಲ್ಲೋ ಮೇಲೆ ಹೋಯಿತು. ನನಗೆ ಇವತ್ತು ಬಂದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಅದೇ.

ತಂಗಿ, ನೀವು ಕೇಳಿದ್ದಕ್ಕೆ ಉತ್ತರ: ಇಲ್ಲ, ಅಪ್ಪ ಹೋಗದೆ ಪ್ರಮಾಣಪತ್ರ ಆಗುವುದಿಲ್ಲ. ಯಾರಾದರೂ ದುಡ್ಡು ತಗೊಂಡು ಮಾಡಿಕೊಡುತ್ತೇನೆ ಅಂದರೂ ಬೇಡ. ಆದರೆ ನನಗೆ ಚಿಂತೆ ಆಗಿರುವುದು ಆ ಕಾಗದದ್ದಲ್ಲ. ನಿದ್ದೆ ಇಲ್ಲ, ಸಾಲ ಇದೆ, ತೋಟದ ಪತ್ರಗಳನ್ನು ಮಗನಿಗೆ ಒಪ್ಪಿಸಿದ್ದಾರೆ, ರಾತ್ರಿ ಕೋವಿ ತೊಡೆ ಮೇಲಿದೆ. ನೀವು ಬರೆದದ್ದನ್ನು ಇನ್ನೊಂದು ಸಲ ಓದಿ ನೋಡಿ.

ಹನ್ನೊಂದು ವರ್ಷದ ಹಿಂದೆ ಒಬ್ಬರು ನವೀಕರಣಕ್ಕೆ ಅಂತ ನನ್ನ ಕಚೇರಿಗೆ ಬಂದಿದ್ದರು. ಜೊತೆಗಿದ್ದ ಮಗ ಹೊರಡುವಾಗ ಬಾಗಿಲ ಹತ್ತಿರ ನಿಂತು, "ಅಪ್ಪ ಈಗೀಗ ಮಾತೇ ಆಡುವುದಿಲ್ಲ ಸಾರ್" ಅಂದ. ನಾನು ಕಾಗದ ಜೋಡಿಸುತ್ತಿದ್ದೆ, ಹೂಂ ಅಂದು ಕಳಿಸಿದೆ. ಮೂರು ವಾರಕ್ಕೆ ಅದೇ ಹುಡುಗ ಒಬ್ಬನೇ ಬಂದ. ಕೋವಿಯನ್ನು ವಾಪಸು ಒಪ್ಪಿಸುವುದು ಹೇಗೆ ಅಂತ ಕೇಳಲು. ಅವತ್ತಿನಿಂದ ನಾನು ಮನೆಯವರನ್ನು ಮೊದಲು ಮಾತಾಡಿಸುತ್ತೇನೆ.

ಇವತ್ತು ರಾತ್ರಿಯೇ ತೋಟಾಗಳು ಮನೆಯಿಂದ ಹೊರಗೆ ಹೋಗುವಂತೆ ಆಗಬೇಕು. ನೀವೇ ಹೊತ್ತುಕೊಂಡು ಓಡಾಡಬೇಡಿ. ಅಪ್ಪ ಗೌರವ ಕೊಡುವ ಒಬ್ಬರು ಹಿರಿಯರನ್ನು ಕರೆಸಿ, ಠಾಣೆಗೂ ಫೋನ್ ಮಾಡಿ ಕೇಳಿ. ಅಪ್ಪನನ್ನು ಒಬ್ಬರನ್ನೇ ಬಿಡಬೇಡಿ. "ಸಾಯುವ ಯೋಚನೆ ಬರುತ್ತಿದೆಯಾ ಅಪ್ಪಾ" ಅಂತ ನೇರವಾಗಿ ಕೇಳಿ. ಕೇಳಿದರೆ ಯೋಚನೆ ಬಂದುಬಿಡುತ್ತದೆ ಅನ್ನುವ ಹೆದರಿಕೆ ಬೇಡ. 14416 ಟೆಲಿ ಮಾನಸ್ ಸಂಖ್ಯೆ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ನೀವು ಮಾತಾಡಿ. ಆಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ.

ಕೋವಿ ಕಸಿದುಕೊಂಡರು ಅಂತ ಅಪ್ಪನಿಗೆ ಅನ್ನಿಸುವುದು ಬೇಡ. 2016ರ ಆಯುಧ ನಿಯಮದಲ್ಲೇ ಒಂದು ದಾರಿ ಇದೆ. ಲೈಸೆನ್ಸುದಾರರಿಗೆ 70 ತುಂಬಿದರೆ, ಬದುಕಿರುವಾಗಲೇ ತಮ್ಮ ಕೈಯಾರೆ ಒಬ್ಬ ವಾರಸುದಾರರನ್ನು ಹೆಸರಿಸಬಹುದು. ಅವರಿಗೆ 21 ಆಗಿದ್ದರೆ ಅವರ ಹೆಸರಲ್ಲಿ ಹೊಸ ಅರ್ಜಿ ಹಾಕಬಹುದು. ಅದು ತೀರ್ಮಾನ ಆಗುವವರೆಗೆ ಅಪ್ಪನ ಜೊತೆಯಲ್ಲೇ ಹೋಗಿ, ಠೇವಣಿ ಇಟ್ಟುಕೊಳ್ಳುವ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠಾಣೆಯಲ್ಲೋ ಕೋವಿ ಇಡಿ. ರಸೀದಿ ಅಪ್ಪನ ಹೆಸರಲ್ಲೇ ಇರಲಿ. ಅರ್ಜಿಗೆ ಇವತ್ತೇ ಅವಸರ ಇಲ್ಲ. ಕೋವಿ ಮನೆ ಬಿಡುವುದಕ್ಕೆ ಮಾತ್ರ ಅವಸರ ಇದೆ. ಫೀಸು ಬೇಡ, ಕಾಗದ ನಾನು ಮಾಡಿಕೊಡುತ್ತೇನೆ.

ಮೇಷ್ಟ್ರು ಹೇಳಿದ 48,830ರಲ್ಲಿ 26,328 ಆತ್ಮಹತ್ಯೆಗಳು. ಹಕ್ಕು ಬೇಕು, ಬೇಡ ಅಂತ ವಾದ ಮಾಡುವ ಇಬ್ಬರೂ ಅದನ್ನು ಹೇಳಲಿಲ್ಲ.

ಹೊಸನಗರ: ಸಾರ್, ಅಪ್ಪ ತೀರಿಕೊಂಡಿದ್ದಾರೆ. ಕೋವಿ ನನ್ನ ಹೆಸರಿಗೆ ಮಾಡಿಸುವುದು ಹೇಗೆ?

ವಕೀಲರು: ಮೇಲೆ ಕೊಪ್ಪದವರಿಗೆ ಹೇಳಿದ್ದೇನೆ. ಓದಿ.

ಶಿಕಾರಿಪುರ: ಸೋಲಾರ್ ಬೇಲಿಗೆ ಸಬ್ಸಿಡಿ ಎಷ್ಟು ಸಾರ್?

ರಿಪ್ಪನ್‌ಪೇಟೆ ಹುಡುಗ: ವಕೀಲ್ ಸಾರ್, ಒಬ್ಬರ ಮನೆ ಕಥೆ ಹಿಡಿದು ಎಲ್ಲರ ಕೋವಿ ಕಿತ್ತುಕೊಳ್ಳುವ ಮಾತು ಆಡಬೇಡಿ. ಚುನಾವಣೆ ವಿಷಯಕ್ಕೆ ಉತ್ತರವೇ ಇಲ್ಲ.

ವಕೀಲರು: ಯಾರ ಕೋವಿಯನ್ನೂ ಕಿತ್ತುಕೊಳ್ಳಿ ಅಂದಿಲ್ಲ. ನಮ್ಮ ಮನೆಯಲ್ಲೂ ಜೋಡು ನಳಿಗೆ ಇದೆ. ಚುನಾವಣೆಯಲ್ಲಿ ವಿನಾಯಿತಿ ಬೇಕಿದ್ದರೆ ಜಿಲ್ಲೆಯ ಪರಿಶೀಲನಾ ಸಮಿತಿಗೆ ಬರೆದುಕೊಡಿ.

ಸೊರಬ ರೈತ: ಹಾಗಾದರೆ ಮಂಗಕ್ಕೆ ಏನು ಮಾಡುವುದು? ಯಾರೂ ಹೇಳುವುದಿಲ್ಲ.

ತೀರ್ಥಹಳ್ಳಿ ಮೇಷ್ಟ್ರು (ನಿವೃತ್ತ): ರಿಪ್ಪನ್‌ಪೇಟೆಯವರೇ, ಆ ಮಗು ಏನು ಬರೆದಿದೆ ಅಂತ ಓದಿದಿರಾ? ಕ್ಷಮೆ ಕೇಳಿ.

ರಿಪ್ಪನ್‌ಪೇಟೆ ಹುಡುಗ: ನೀವು ಮೊದಲು ನನಗೆ ಪಾಠ ಹೇಳುವುದು ನಿಲ್ಲಿಸಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇಲ್ಲದಿದ್ದರೆ ಗುಂಪು ಮುಚ್ಚುತ್ತೇನೆ.

ನಗರ ಹೋಬಳಿ: ಸಾರ್, ದೊಡ್ಡಪ್ಪ ಬಂದಿದ್ದಾರೆ. ಠಾಣೆಗೆ ಮಾತಾಡಿದ್ದೇವೆ, ತೋಟಾ ತಗೊಂಡು ಹೋಗಲು ಒಬ್ಬರು ಬರುತ್ತಿದ್ದಾರೆ. ಕೇಳಿದೆ. ಅಪ್ಪ ಏನೂ ಹೇಳಲಿಲ್ಲ, ತುಂಬಾ ಹೊತ್ತು ಅತ್ತರು. ಈಗ ಗಂಜಿ ಕುಡಿಯುತ್ತಿದ್ದಾರೆ.

ವಕೀಲರು: ಪಕ್ಕದಲ್ಲೇ ಇರಿ ತಂಗಿ. ನನ್ನ ಫೋನ್ ಆನ್ ಇರುತ್ತದೆ. ಅಡ್ಮಿನ್, ಇವರಿಗೆ ನನ್ನ ನಂಬರ್ ಕಳಿಸಿ.