ಕ್ಯಾಮೆರಾದ ಗುಪ್ತ ಸರ್ವಿಸ್ ಮೆನು: ಒಳಗೆ ಹೋಗಿ ನೋಡಲಾ?

ಕೋಥ್ರೂಡ್ ಕ್ಲಿಕ್:
ನಮಸ್ಕಾರ. ಪುಣೆಯಲ್ಲೇ ಒಬ್ಬರಿಂದ ಹಳೆಯ ಒಲಿಂಪಸ್ ಬಾಡಿ ತಗೊಂಡೆ. 8,000 ಕ್ಲಿಕ್ (ಅಂದರೆ ಅಷ್ಟು ಸಲ ಶಟರ್ ಬಿದ್ದಿರೋದು) ಅಷ್ಟೇ ಆಗಿದೆ ಅಂದರು, ಆದರೆ ಹಿಡಿಕೆಯ ರಬ್ಬರ್ ಸವೆದು ಹೊಳೆಯುತ್ತಿದೆ, ನಂಬಿಕೆ ಬರುತ್ತಿಲ್ಲ. ಹೋದ ವಾರ ಭಂಡಾರದರಾಗೆ ಮಿಣುಕುಹುಳದ ಫೋಟೋ ತೆಗೆಯಲು ಹೋಗಿದ್ದೆ. 30 ಸೆಕೆಂಡ್ ಎಕ್ಸ್‌ಪೋಷರ್, ಅಂದರೆ ಅಷ್ಟು ಹೊತ್ತು ಶಟರ್ ತೆರೆದೇ ಇತ್ತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಹಸಿರು ಚುಕ್ಕೆಗಳ ನಡುವೆ ಎರಡು ಕೆಂಪು ಚುಕ್ಕೆ, ಎಲ್ಲ ಫೋಟೋದಲ್ಲೂ ಅದೇ ಜಾಗದಲ್ಲಿ. ಕೆಂಪು ಮಿಣುಕುಹುಳ ಅಂತೂ ಅಲ್ಲ ಅಲ್ವಾ! ಒಂದು ವಿಡಿಯೋದಲ್ಲಿ ಏನೇನೋ ಬಟನ್ ಒಂದಾದ ಮೇಲೊಂದು ಒತ್ತಿ ರಿಪೇರಿಯವರಿಗೆ ಅಂತ ಬಚ್ಚಿಟ್ಟ ಸರ್ವಿಸ್ ಮೆನು ತೆರೆದು ತೋರಿಸಿದ್ದಾರೆ. ಕ್ಲಿಕ್ ಲೆಕ್ಕ, ಈ ಚುಕ್ಕೆ ಎರಡೂ ಅಲ್ಲೇ ಬಗೆಹರಿಯಬಹುದೇನೋ. ಎಡವಟ್ಟಾದರೆ ರೀಸೆಟ್ ಇದೆಯಲ್ಲ ಅಂತ ಧೈರ್ಯ. ಮಾಡಲಾ?

ಮಾಟುಂಗಾ ಮಾರಾಯ:
ಆ ರೀಸೆಟ್ ನಂಬಬೇಡಿ ಮಾರಾಯ್ರೆ. ಅದು ನೀವು ಹಾಕಿಕೊಂಡ ಐಎಸ್ಒ, ವೈಟ್ ಬ್ಯಾಲೆನ್ಸ್ ಇಂಥ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡುತ್ತದೆ, ಅಷ್ಟೇ. ಒಂದೇ ಮಾಡೆಲ್‌ನ ಎರಡು ಕ್ಯಾಮೆರಾ ತಗೊಂಡರೂ ಸೆನ್ಸರ್ (ಬೆಳಕು ಹಿಡಿಯುವ ಚಿಪ್), ಶಟರ್, ಫೋಕಸ್ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ. ಫ್ಯಾಕ್ಟರಿಯಲ್ಲಿ ಒಂದೊಂದನ್ನೂ ಅಳೆದು, ಅದಕ್ಕೆ ಬೇಕಾದ ತಿದ್ದುಪಡಿಯನ್ನು ಆ ಬಾಡಿಯ ಚಿಪ್‌ನಲ್ಲೇ ಬರೆದಿಟ್ಟಿರುತ್ತಾರೆ. ಅದು ಅಳಿಸಿತೋ, ಇನ್ನೊಂದು ಕ್ಯಾಮೆರಾದ ಅಂಕಿ ತಂದು ಹಾಕಿದರೂ ಹೊಂದಲ್ಲ.

ನಾನು ಕೈ ಸುಟ್ಟುಕೊಂಡವನು (ಬೇರೆ ಕಂಪನಿಯದು, ಹೆಸರು ಬೇಡ). ಸುಮ್ನೆ ನೋಡೋಣ ಅಂತ ಒಳಗೆ ಹೋದೆ. ಸಾಲು ಸಾಲಾಗಿ ಮೂರಕ್ಷರದ ಹೆಸರು, ಎದುರಿಗೆ ಅಂಕಿ, ಒಂದೂ ಅರ್ಥವಾಗಲಿಲ್ಲ. ಯಾವುದೋ ಬಾಣದ ಬಟನ್ ಒತ್ತಿದೆ, ಹೊರಗೆ ಬರೋಣ ಅಂತ ಓಕೆ ಒತ್ತಿದೆ. ಅಲ್ಲಿ ಓಕೆ ಅಂದರೆ ಬರೆದುಬಿಡು ಅಂತ! ಹೌದಾ ಅಲ್ಲವಾ ಅಂತ ಒಂದು ಮಾತು ಕೇಳಲಿಲ್ಲ. ಅವತ್ತಿನಿಂದ ದೂರದ ಕಟ್ಟಡ ಫೋಕಸ್ ಆಗಲೇ ಇಲ್ಲ. ಫೋರ್ಟ್‌ನ ಬೋರಾ ಬಜಾರ್‌ಗೆ ಹೊತ್ತುಕೊಂಡು ಹೋದೆ. ರಿಪೇರಿಯವನು ಕೇಳಿದ್ದು ಒಂದೇ, "ಪೆಹ್ಲೆ ಕಿತ್ನಾ ಥಾ?" (ಮೊದಲು ಎಷ್ಟಿತ್ತು?) ಬರೆದಿಟ್ಟುಕೊಂಡಿದ್ದರೆ ತಾನೇ ಹೇಳೋದು.

ಥಾಣೆ ಕೊಕ್ಕರೆ:
ಕೆಂಪು ಚುಕ್ಕೆಗೆ ಒಳಗೆ ಹೋಗೋದೇ ಬೇಡ. ಹಾಟ್ ಪಿಕ್ಸೆಲ್ ಅದು, ಅಂದರೆ ಬೆಳಕು ಬೀಳದಿದ್ದರೂ ಹೊಳೆಯುವ ಸೆನ್ಸರ್‌ನ ಚುಕ್ಕೆ, ಯಾವ ಸೆನ್ಸರ್‌ಗೂ ವಯಸ್ಸಾದಂತೆ ಬರುತ್ತದೆ. ಸೆನ್ಸರ್ ಬಿಸಿಯಾದರೆ, ಶಟರ್ ತುಂಬಾ ಹೊತ್ತು ತೆರೆದಿದ್ದರೆ ಜಾಸ್ತಿ ಕಾಣುತ್ತದೆ. ನಿಮ್ಮ ಮಾಮೂಲಿ ಮೆನುವಿನಲ್ಲೇ ಪಿಕ್ಸೆಲ್ ಮ್ಯಾಪಿಂಗ್ ಇದೆ, ಅದು ಇಂಥ ಚುಕ್ಕೆಗಳನ್ನು ಹುಡುಕಿ ಮರೆಮಾಡುತ್ತದೆ. ಫೋಟೋ ತೆಗೆದು ಮುಗಿದ ಮೇಲೆ ಒಂದು ನಿಮಿಷವಾದರೂ ಬಿಟ್ಟು ಮಾಡಿ, ಕೈಪಿಡಿಯಲ್ಲೇ ಹಾಗೆ ಹೇಳಿದೆ. ಇನ್ನೊಂದು, ನಾಯ್ಸ್ ರಿಡಕ್ಷನ್ ಆಫ್ ಮಾಡಿದ್ರಾ? ಆನ್ ಇದ್ದರೆ 30 ಸೆಕೆಂಡ್ ಫೋಟೋ ಆದಮೇಲೆ ಶಟರ್ ಮುಚ್ಚಿಕೊಂಡೇ ಇನ್ನೊಂದು 30 ಸೆಕೆಂಡ್ ತೆಗೆದು, ಅದರಲ್ಲಿ ಕಂಡ ಚುಕ್ಕೆಗಳನ್ನು ಮೊದಲಿನ ಫೋಟೋದಿಂದ ಕಳೆಯುತ್ತದೆ. ಮಿಣುಕುಹುಳದ ಮುಂದೆ ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ, ನಾನೂ ಆಫ್ ಮಾಡುತ್ತೇನೆ.

ಡೊಂಬಿವಲಿ ಫಾಸ್ಟ್:
ಎಲ್ಲದಕ್ಕೂ ಹೆದರಿಸಬೇಡ್ರಪ್ಪಾ. 2006ರ ಪೆಂಟಾಕ್ಸ್ ಕೆ10ಡಿಯಲ್ಲಿ ಫೋಕಸ್ ಹಿಂದೆಮುಂದೆ ಸರಿಸಲು ಕಾರ್ಡ್‌ಗೆ ಮಾಡ್‌ಸೆಟ್ ಅನ್ನೋ ಫೈಲ್ ಹಾಕಿ ಡೀಬಗ್ ಮೆನು ಅನ್ನೋ ಇಂಥದ್ದೇ ಗುಪ್ತ ಮೆನುವಿಗೆ ಹೋಗಬೇಕಿತ್ತು, ಎಷ್ಟೋ ಜನ ಮಾಡಿದರು. 2008ರ ಕೆ20ಡಿಯಲ್ಲಿ ಅದನ್ನೇ ಎಲ್ಲರಿಗೂ ಕಾಣುವ ಮೆನುವಿನಲ್ಲಿ ಕೊಟ್ಟರು.
ಒಲಿಂಪಸ್‌ನ ಕ್ಲಿಕ್ ಎಣಿಕೆ ಪುಟ ಬರೀ ನೋಡೋಕೆ. ಆರ್ ಅಕ್ಷರದ ಎದುರಿಗಿರುವುದೇ ಶಟರ್ ಲೆಕ್ಕ. ಬ್ಯಾಟರಿ ಫುಲ್ ಇರಲಿ, ನಿಮ್ಮದೇ ಮಾಡೆಲ್‌ನ ಬಟನ್ ಕ್ರಮ ಹುಡುಕಿ, ಪಕ್ಕದ ಮಾಡೆಲ್‌ನದು ಬೇಡ. ಅಂಕಿ ಕಂಡ ತಕ್ಷಣ ಫೋನ್‌ನಲ್ಲಿ ಫೋಟೋ ಹೊಡೆದು ಕ್ಯಾಮೆರಾ ಆಫ್ ಮಾಡಿ. ಅಕ್ಕಪಕ್ಕದ ಪುಟಗಳಲ್ಲಿ ಸುತ್ತಾಡಬೇಡಿ.

ಕೋಥ್ರೂಡ್ ಕ್ಲಿಕ್:
ಎಲ್ಲರಿಗೂ ಥ್ಯಾಂಕ್ಸ್. ನಾಯ್ಸ್ ರಿಡಕ್ಷನ್ ಆಫ್ ಇತ್ತು, ಸಿಕ್ಕಿಬಿದ್ದೆ. ಮ್ಯಾಪಿಂಗ್ ಮಾಡಿದೆ, ಕೆಂಪು ಹುಳ ಎರಡೂ ಮಾಯ. ಆರ್ ಎದುರಿಗೆ 41,206 ಇದೆ. ಮಾರಿದವರಿಗೆ ಬೆಳಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ.