ಏಳು ತಿಂಗಳ ಬೀಗಲ್: ಮೂಗು ನೆಲಕ್ಕಿಟ್ಟರೆ ಕರೆದರೂ ಬರಲ್ಲ, ಬೀಗ ಹಾಕಿದರೆ ಊಳಿಡ್ತಾನೆ

ಕ್ಯಾತ್ಸಂದ್ರ_ಕೊನೇಸಾಲು:

ಎಲ್ಲರಿಗೂ ನಮಸ್ಕಾರ. ಗಂಡು ಬೀಗಲ್, ಏಳು ತಿಂಗಳು, ತೂಕ 11.5 ಕೆಜಿ. ಮನೆ ತುಮಕೂರಲ್ಲಿ, ಕ್ಯಾತ್ಸಂದ್ರದ ಕಡೆ ಲೇಔಟಿನ ಕೊನೇ ಸಾಲು. ಹಿಂದೆ ಖಾಲಿ ಸೈಟುಗಳು, ಅದರಾಚೆ ಹೊಲ. ನಾವಿಬ್ಬರು, ಅತ್ತೆ, 6 ಮತ್ತು 10 ವರ್ಷದ ಮಕ್ಕಳು. ಅತ್ತೆ ಬೆಳಗ್ಗೆ ತೋಟಕ್ಕೆ ಹೋಗ್ತಾರೆ, ಹಾಗಾಗಿ 9ರಿಂದ 1ರವರೆಗೆ ಮನೆಗೆ ಬೀಗ.

ಮಕ್ಕಳ ವಿಷಯದಲ್ಲಿ ಚಿನ್ನದಂಥವನು, ತಕರಾರೇ ಇಲ್ಲ. ಆದರೆ ಹೊರಗೆ ಮೂಗು ನೆಲಕ್ಕಿಟ್ಟ ಅಂದ್ರೆ ಹೆಸರು ಹಿಡಿದು ಎಷ್ಟು ಕೂಗಿದರೂ ಕಿವಿಗೇ ಬೀಳಲ್ಲ. ಗೇಟಿನ ಕೆಳಗೆ ನುಸುಳಿ ಹೊಲದ ಕಡೆ ಹೋಗ್ತಾನೆ. ಬೀಗ ಹಾಕಿದ ಮೇಲೆ ಉದ್ದಕ್ಕೆ ಊಳಿಡ್ತಾನೆ ಅಂತ ಪಕ್ಕದ ಮನೆಯವರ ದೂರು. ಊಟ ಎಷ್ಟು ಹಾಕಿದರೂ ಸಾಲದು. ನಮ್ಮದು ಸಸ್ಯಾಹಾರಿ ಮನೆ: ಮೊಸರನ್ನ, ರಾಗಿ ಗಂಜಿ, ಮಧ್ಯೆ ಮಧ್ಯೆ ಅತ್ತೆ ಹಾಕೋ ಬಿಸ್ಕತ್ತು. ಈ ವಾರದಿಂದ ಬಲಗಿವಿ ಬೇರೆ ವಾಸನೆ ಬರ್ತಿದೆ.

ಮುಧೋಳ ನಾಯಿ ಸಾಕಿರೋ ಪರಿಚಯದವರು “ದಿನಾ ಬಿಟ್ಟು ಓಡಿಸಿ, ಸುಸ್ತಾದ್ರೆ ಎಲ್ಲಾ ಸರಿಹೋಗುತ್ತೆ” ಅಂತಾರೆ. ನಿಜಾನಾ?

ಜಾಡುಗಾರ:

ಮುಧೋಳದ ಲೆಕ್ಕವನ್ನು ಬೀಗಲ್‌ಗೆ ಹಾಕಬೇಡಿ ಮೇಡಂ. ಮುಧೋಳ ಕಣ್ಣಲ್ಲಿ ಬೇಟೆಯಾಡೋ ನಾಯಿ. ಮೊಲ ಕಣ್ಮರೆಯಾಯ್ತು ಅಂದ್ರೆ ಅದರ ಆಟ ಹೆಚ್ಚುಕಮ್ಮಿ ಮುಗೀತು. ಬೀಗಲ್ ಇಂಗ್ಲೆಂಡಲ್ಲಿ ಮೊಲದ ಜಾಡು ಹಿಡಿಯೋಕೆ ಅಂತ ಗುಂಪುಗುಂಪಾಗಿ ಸಾಕಿದ ತಳಿ. ಮೊಲ ಹೋಗಿ ಎಷ್ಟೋ ಹೊತ್ತಾದ ಮೇಲೂ ನೆಲದಲ್ಲಿ ವಾಸನೆ ಉಳಿದಿರುತ್ತೆ, ಅಂದ್ರೆ ಇವನ ಕೆಲಸ ಮುಗಿಯೋದೇ ಇಲ್ಲ. ಓಡಿಸ್ತಾ ಹೋದ್ರೆ ದಮ್ಮು ಬೆಳೆಯುತ್ತೆ, ತಿಂಗಳೊಳಗೆ ನಾಲ್ಕು ಕಿಲೋಮೀಟರ್ ಸಾಲದೆ ಎಂಟು ಕೇಳ್ತಾನೆ. ಸುಸ್ತು ಮಾಡಬೇಕಾಗಿರೋದು ಮೂಗನ್ನ.

ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ನಡಿಗೆ ಸಾಕು. ಅದರಲ್ಲಿ 15 ನಿಮಿಷವಾದರೂ ಅವನೇ ಮುಂದೆ ಹೋಗಲಿ, ಮೂಸೋವಷ್ಟು ಮೂಸಲಿ, ಎಳೀಬೇಡಿ. ಜೊತೆಗೆ ವಾರಕ್ಕೆ ಮೂರು ಸಲ ಜಾಡಿನ ಕೆಲಸ ಕೊಡಿ. ನಿಮ್ಮ ಹಿಂದಿನ ಖಾಲಿ ಸೈಟೇ ಸಾಕು. ಕಾಲಿಗೆ ಚುಚ್ಚೋ ಗಾಜು, ತಂತಿ ಇಲ್ಲದ ಕಡೆ ಆರಿಸಿ.

ಬೆಳಗ್ಗೆ 7ರೊಳಗೆ, ಹುಲ್ಲಲ್ಲಿ ಇಬ್ಬನಿ ಇರೋವಾಗ, ನಾಯಿಯನ್ನ ಮನೇಲೇ ಬಿಟ್ಟು ನೀವೊಬ್ಬರೇ ಹೋಗಿ. ಹುಲ್ಲನ್ನ ಚೆನ್ನಾಗಿ ತುಳ್ಕೊಂಡು ನೇರವಾಗಿ 15 ಹೆಜ್ಜೆ ನಡೀರಿ. ಪ್ರತಿ ಹೆಜ್ಜೆ ಗುರುತಿನೊಳಗೆ ಕಡಲೆಬೀಜದಷ್ಟು ಪನ್ನೀರು ಚೂರು. ಕೊನೇಲಿ ಒಂದು ಮುಚ್ಚಳ ಇಲ್ಲದ ಡಬ್ಬಿ, ಅದರಲ್ಲಿ ಏಳೆಂಟು ಚೂರು. ವಾಪಸ್ ಬರೋವಾಗ ಅದೇ ದಾರಿ ಬೇಡ, ದೂರದಿಂದ ಸುತ್ತಿ ಬನ್ನಿ. ಐದು ನಿಮಿಷ ಬಿಟ್ಟು ಅವನನ್ನ ಮೊದಲ ಹೆಜ್ಜೆ ಹತ್ರ ನಿಲ್ಲಿಸಿ “ಹುಡುಕು” ಅನ್ನಿ. ಆಮೇಲೆ ನೀವು ಬಾಯಿ ಮುಚ್ಕೊಂಡು ಹಗ್ಗ ಸಡಿಲ ಬಿಟ್ಟು ಹಿಂದೆ ಹೋಗೋದಷ್ಟೇ. ಸರಾಗವಾಗಿ ಮಾಡ್ತಾನೆ ಅನ್ನಿಸಿದ ಮೇಲೆ ಮೂರು ಹೆಜ್ಜೆಗೊಂದು ಚೂರು, ಆಮೇಲೆ ಒಂದು ತಿರುವು, ಆಮೇಲೆ ಜಾಡು ಹಾಕಿ ಅರ್ಧ ಗಂಟೆ ಬಿಟ್ಟು ಶುರುಮಾಡೋದು.

ಇಲ್ಲಿ ಸಾಮಾನ್ಯವಾಗಿ ಕೆಡೋದು ಗಾಳಿಯಿಂದ. ಗಾಳಿಗೆ ಎದುರಾಗಿ ಜಾಡು ಹಾಕಿದ್ರೆ ಡಬ್ಬಿ ವಾಸನೆ ಮುಖಕ್ಕೇ ಬಂದು ಬಡಿಯುತ್ತೆ, ಹೆಜ್ಜೆ ಬಿಟ್ಟು ತಲೆ ಎತ್ಕೊಂಡು ನೇರ ಅಲ್ಲಿಗೇ ಹೋಗ್ತಾನೆ. ಗಾಳಿ ನಿಮ್ಮ ಬೆನ್ನಿಗಿರೋ ಹಾಗೆ ನಡೀರಿ. ಏಪ್ರಿಲ್ ಬಿಸಿಲಲ್ಲಿ 9 ಗಂಟೆ ಮೇಲೆ ಒಣ ನೆಲದಲ್ಲಿ ವಾಸನೆ ಬೇಗ ಹಾರಿಹೋಗುತ್ತೆ. ಆಗ ಅವನು ಅಲ್ಲಲ್ಲೇ ಸುತ್ತಿದ್ರೆ ಬೈಬೇಡಿ, ಅವನ ತಪ್ಪಿಲ್ಲ.

ಕರೆಯೋದಕ್ಕೆ ಹೆಸರು ಬಿಟ್ಟುಬಿಡಿ, ಕೂಗಿ ಕೂಗಿ ಅದು ಸವೆದು ಹೋಗಿದೆ. ಒಂದು ಸೀಟಿ ತಗೊಳ್ಳಿ. ಮೊದಲೆರಡು ವಾರ ಮನೆಯೊಳಗೇ: ಸೀಟಿ ಊದಿ, ಆ ಕ್ಷಣವೇ ಬೇರೆ ಯಾವಾಗಲೂ ಸಿಗದ ತಿಂಡಿ ಕೊಡಿ (ಚೀಸ್ ಚೂರು ಆಗುತ್ತೆ), ದಿನಕ್ಕೆ ಹತ್ತು ಸಲ. ಆಮೇಲೆ ಅಂಗಳ, ಆಮೇಲೆ 10 ಮೀಟರ್ ಹಗ್ಗದಲ್ಲಿ ಹೊಲ. ಮೂಗು ನೆಲದಲ್ಲಿ ನೆಟ್ಟಿರೋವಾಗ ಊದಬೇಡಿ, ದಂಡ. ಜಾಡು ತಪ್ಪಿ ತಲೆ ಎತ್ತಿ ಆಚೀಚೆ ನೋಡೋ ಒಂದು ಗಳಿಗೆ ಇರುತ್ತೆ, ಅದೇ ಸಮಯ. ಬಂದವನಿಗೆ ತಿಂಡಿ ಕೊಟ್ಟು ಮತ್ತೆ ಮೂಸೋಕೆ ಬಿಡಿ. ಪ್ರತಿ ಸಲ ಸೀಟಿ ಊದಿ ಮನೆಗೇ ಎಳ್ಕೊಂಡು ಹೋದ್ರೆ ನಾಲ್ಕೇ ದಿನಕ್ಕೆ ಅದರ ಅರ್ಥ ತಿಳ್ಕೊಂಡು ಬಿಡ್ತಾನೆ. ಇಷ್ಟೆಲ್ಲಾ ಮಾಡಿದ ಮೇಲೂ ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚಬೇಡಿ. ಈ ತಳಿಯಲ್ಲಿ ಹಗ್ಗ ಬಿಚ್ಚಬಹುದಾದ ನಾಯಿ ಅಪರೂಪ.

ದುರ್ಗದ_ತಪ್ಪಲು:

ಗೇಟಿನ ವಿಷಯ ಇವತ್ತೇ ಮುಗಿಸಿ. ಕೆಳಗಿನ ಸಂದು ನಾಲ್ಕು ಇಂಚಿಗಿಂತ ಜಾಸ್ತಿ ಇದ್ರೆ ಬೀಗಲ್ ದಾಟುತ್ತೆ. ವೆಲ್ಡಿಂಗ್ ಅಂಗಡಿಯವರನ್ನ ಕರೆಸಿ ಉದ್ದಕ್ಕೂ ಒಂದು ಪಟ್ಟಿ ಹಾಕಿಸಿ, ಸಂದು ಎರಡು ಇಂಚಿಗೆ ಇಳೀಲಿ. ಗೇಟಿನಡಿ ಮಣ್ಣಿದ್ರೆ ಕೆರೀತಾನೆ, ಅಲ್ಲಿ ಚಪ್ಪಡಿ ಕಲ್ಲು ಕೂರಿಸಿ. ತಂತಿ ಬೇಲಿ ಇರೋ ಕಡೆ ಒಂದಡಿ ಅಗಲದ ಜಾಲರಿಯನ್ನ ಬೇಲಿ ಬುಡಕ್ಕೆ ಕಟ್ಟಿ, ಒಳಮುಖವಾಗಿ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿ. ನಾಯಿ ಯಾವಾಗಲೂ ಬೇಲಿ ಬುಡದಲ್ಲೇ ಕೆರೆಯೋದು, ಉಗುರಿಗೆ ಜಾಲರಿ ಸಿಕ್ಕಿ ಕೈಬಿಡುತ್ತೆ.

ಹೊಲದ ಕಡೆ ಹೋಗೋದು ಬರೀ ಕಳೆದುಹೋಗೋ ಭಯ ಅಲ್ಲ. ಕಾಡುಹಂದಿಗೆ ಅಂತ ಕೆಲವರು ಹಿಟ್ಟಿನೊಳಗೆ ಸಿಡಿಮದ್ದು ಇಡ್ತಾರೆ, ಉರುಳು ಹಾಕ್ತಾರೆ. ಎರಡೂ ಕಾನೂನಿಗೆ ವಿರುದ್ಧ, ಆದರೂ ನಡೀತಿದೆ. ವಾಸನೆ ಹಿಡಿದು ಹೋಗಿ ಬಾಯಿ ಹಾಕೋ ಮೊದಲ ಪ್ರಾಣಿ ಇಂಥ ನಾಯಿಯೇ. ಬದುಗಳಲ್ಲಿ ಕೊಳಕುಮಂಡಲ ಇರುತ್ತೆ. ಬಿಲಕ್ಕೆ ಮೂಗು ತೂರಿಸೋ ನಾಯಿಗೆ ಕಡಿತ ಮುಖಕ್ಕೇ ಬೀಳುತ್ತೆ. ಕಚ್ಚಿದ್ರೆ ಕಟ್ಟು ಕಟ್ಟೋದು, ಕೊಯ್ಯೋದು ಯಾವುದೂ ಬೇಡ. ಕೊರಳಪಟ್ಟಿ ಬಿಚ್ಚಿ (ಮುಖ ಊದ್ಕೊಳ್ಳುತ್ತೆ), ನಡೆಸದೆ ಎತ್ಕೊಂಡು ನೇರ ಡಾಕ್ಟರ ಹತ್ರ ಹೋಗಿ. ಹಾವಿನ ವಿಷ ಇಳಿಸೋ ಇಂಜೆಕ್ಷನ್ ದಾಸ್ತಾನು ಯಾವ ಆಸ್ಪತ್ರೇಲಿದೆ ಅಂತ ಈಗಲೇ ಫೋನ್ ಮಾಡಿ ತಿಳ್ಕೊಂಡಿರಿ. ಇನ್ನು ದೇವರಾಯನದುರ್ಗದ ಸುತ್ತಮುತ್ತ ಚಿರತೆ ಇರೋದು ನಿಮಗೆ ಹೇಳಬೇಕಾಗಿಲ್ಲ. ಕತ್ತಲಾದ ಮೇಲೆ ಅಂಗಳದಲ್ಲಿ ಕಟ್ಟಬೇಡಿ, ಮನೆಯೊಳಗೆ ಮಲಗಿಸಿ.

ಅಕಸ್ಮಾತ್ ತಪ್ಪಿಸಿಕೊಂಡರೆ ಅಟ್ಟಿಸ್ಕೊಂಡು ಹೋಗಬೇಡಿ, ನೀವೂ ಬೇಟೆಗೆ ಬಂದ್ರಿ ಅಂದ್ಕೊಂಡು ಇನ್ನೂ ಜೋರಾಗಿ ಓಡ್ತಾನೆ. ಕೊನೇ ಸಲ ಕಂಡ ಜಾಗದಲ್ಲಿ ನೀವು ಉಟ್ಟು ಒಗೆಯದ ಬಟ್ಟೆ ಮತ್ತೆ ಒಂದು ಬಟ್ಟಲು ನೀರು ಇಡಿ, ಒಬ್ಬರು ಅಲ್ಲೇ ಕಾಯ್ತಾ ಇರಿ. ಎಷ್ಟೋ ಸಲ ತನ್ನ ಜಾಡು ಹಿಡ್ಕೊಂಡೇ ವಾಪಸ್ ಬರ್ತವೆ.

ಬಿಳಿಬಾಲ:

ಊಳಿನ ಬಗ್ಗೆ ನಾನು ಹೇಳ್ತೀನಿ. ಬೀಗಲ್ ಬೊಗಳೋದು ಬೇರೆ, ಜಾಡು ಸಿಕ್ಕಾಗ ಎಳೆದು ಎಳೆದು ಕೂಗೋದು ಬೇರೆ, ಒಂಟಿಯಾದಾಗ ಮೂತಿ ಮೇಲೆತ್ತಿ ಊಳಿಡೋದು ಬೇರೆ. ನಿಮ್ಮದು ಮೂರನೇದು. ಗುಂಪಲ್ಲಿರೋಕೆ ಹುಟ್ಟಿದ ನಾಯಿ, ನಾಲ್ಕು ಗಂಟೆ ಒಂಟಿ ಅಂದ್ರೆ ಈ ವಯಸ್ಸಿಗೆ ಅದೇ ಹೆಚ್ಚು.

ಫೋನಲ್ಲಿ ವಿಡಿಯೋ ಹಾಕಿಟ್ಟು ಹೋಗಿ, ಎಷ್ಟನೇ ನಿಮಿಷಕ್ಕೆ ಶುರುಮಾಡ್ತಾನೆ ನೋಡಿ. ಆರನೇ ನಿಮಿಷಕ್ಕೆ ಅಂದ್ರೆ ನಿಮ್ಮ ಅಭ್ಯಾಸ ನಾಲ್ಕು ನಿಮಿಷದಿಂದ ಶುರು: ಹೋಗಿ, ಊಳಿಡೋ ಮೊದಲೇ ಬನ್ನಿ, ಮುದ್ದುಗಿದ್ದು ಮಾಡದೆ ನಿಮ್ಮ ಕೆಲಸ ನೋಡ್ಕೊಳ್ಳಿ. ನಿಧಾನಕ್ಕೆ ಹೆಚ್ಚಿಸಿ. ಮೊದಲ ಅರ್ಧ ಗಂಟೆ ದಾಟಿಸೋದೇ ಕಷ್ಟ, ಆಮೇಲೆ ಬೇಗ ಬೇಗ ಹೆಚ್ಚಿಸಬಹುದು. ಅಭ್ಯಾಸ ಕೂರೋವರೆಗೆ ಅತ್ತೆಯವರ ಜೊತೆ ತೋಟಕ್ಕೆ ಕಳಿಸೋದೋ, ಪಕ್ಕದ ಮನೆಯಲ್ಲಿ ಬಿಡೋದೋ ಏನಾದರೂ ಏರ್ಪಾಡು ಮಾಡಿ. ಒಂದು ಕಡೆ ಅಭ್ಯಾಸ, ಇನ್ನೊಂದು ಕಡೆ ದಿನಾ ನಾಲ್ಕು ಗಂಟೆ ಊಳು ಅಂದ್ರೆ ಪ್ರಯೋಜನ ಇಲ್ಲ. ಬಿಡೋ ಕೋಣೆ ರಸ್ತೆ ಕಡೆಯದು ಬೇಡ. ಬೆಳಗಿನ ಊಟದ ಅರ್ಧ ಭಾಗವನ್ನ ಟೊಳ್ಳು ರಬ್ಬರ್ ಆಟಿಕೆಗೆ ತುಂಬಿ ರಾತ್ರಿಯೇ ಫ್ರೀಜರಲ್ಲಿಟ್ಟು, ಹೊರಡೋವಾಗ ಕೊಡಿ. ನೆಕ್ಕಿ ಮುಗಿಸೋಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತೆ.

ಬೊಗಳಿದ್ರೆ ಶಾಕ್ ಕೊಡೋ ಪಟ್ಟಿ ಮಾತ್ರ ತರಬೇಡಿ. ಹೆದರಿಕೆಯಿಂದ ಊಳಿಡೋ ನಾಯಿಗೆ ಇನ್ನಷ್ಟು ಹೆದರಿಕೆ ತುಂಬಿದ ಹಾಗೆ. ಊಳು ನಿಂತರೂ ಬಾಗಿಲು ಕೆರೆಯೋದೋ, ತನ್ನ ಕಾಲನ್ನೇ ಕಚ್ಚಿಕೊಳ್ಳೋದೋ ಶುರುವಾಗುತ್ತೆ.

ನಂದಿ_ಬುಡ:

ಚಿಕ್ಕಬಳ್ಳಾಪುರದಿಂದ. ಊಟದ ವಿಷಯ ಯಾರೂ ಮುಟ್ಟಲಿಲ್ಲ, ನನ್ನ ಪ್ರಕಾರ ಅದೇ ಮೊದಲು.

ಬೀಗಲ್ “ಇನ್ನೂ ಬೇಕು” ಅನ್ನೋದನ್ನ ಹಸಿವು ಅಂತ ತಿಳೀಬೇಡಿ, ಆ ತಳಿಯೇ ಹಾಗೆ. ಎತ್ತರ ನೋಡ್ಕೊಂಡು ಬೆಳೆದ ಬೀಗಲ್ ಸುಮಾರು 9ರಿಂದ 13 ಕೆಜಿ. ಏಳು ತಿಂಗಳಿಗೆ 11.5 ಅನುಮಾನದ ತೂಕ. ಪಕ್ಕೆ ಮೇಲೆ ಕೈ ಸವರಿ: ಒತ್ತದೆ ಎಲುಬು ಎಣಿಸೋಕೆ ಬಂದರೆ ಸರಿ, ಒತ್ತಿ ಹುಡುಕಬೇಕಾದರೆ ಬೊಜ್ಜು. ಮೇಲಿಂದ ನೋಡಿದ್ರೆ ಸೊಂಟ ಒಳಗೆ ಹೋಗಿರಬೇಕು. ಬೆನ್ನುಮೂಳೆಯ ಡಿಸ್ಕ್ ತೊಂದರೆ ಈ ತಳಿಗೆ ಮೊದಲೇ ಹೆಚ್ಚು, ಬೊಜ್ಜು ಬಂದ್ರೆ ಇನ್ನೂ ಕಷ್ಟ.

ಮೊಸರನ್ನ, ಗಂಜಿ ಹೊಟ್ಟೆ ತುಂಬಿಸುತ್ತೆ, ಮೈ ಕಟ್ಟಲ್ಲ. ಬೆಳೆಯೋ ಮರಿಯ ಆಹಾರದಲ್ಲಿ ನೀರಿನಂಶ ಬಿಟ್ಟು ಲೆಕ್ಕ ಹಾಕಿದ್ರೆ ನೂರಕ್ಕೆ 22 ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಬೇಕು. ಅಕ್ಕಿ, ರಾಗಿ ಎರಡರಲ್ಲೂ ಇರೋದು ಏಳೆಂಟು. ಮಾಂಸ ತರೋಕಾಗಲ್ಲ ಅಂದ್ರೆ ಮರಿಗಳಿಗೆ ಅಂತಲೇ ಮಾಡಿದ ಪ್ಯಾಕೆಟ್ ಆಹಾರವೇ ಮುಖ್ಯ ಊಟವಾಗಲಿ. ಬರೀ ಪನ್ನೀರು, ಸೋಯಾ ಸೇರಿಸಿ ಮನೇಲೇ ಸರಿದೂಗಿಸೋಕೆ ಹೋದ್ರೆ ಸುಣ್ಣ (ಕ್ಯಾಲ್ಸಿಯಂ), ರಂಜಕದ (ಫಾಸ್ಫರಸ್) ಲೆಕ್ಕ ತಪ್ಪುತ್ತೆ. ದಿನಕ್ಕೆ 650–700 ಕ್ಯಾಲೊರಿಯಿಂದ ಶುರುಮಾಡಿ, ಅಂದ್ರೆ 100 ಗ್ರಾಮಿಗೆ 370 ಕ್ಯಾಲೊರಿ ಇರೋ ಪ್ಯಾಕೆಟ್ಟಾದ್ರೆ 175ರಿಂದ 190 ಗ್ರಾಮ್. ಲೋಟದಲ್ಲಿ ಅಳೀಬೇಡಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಎರಡು ಹೊತ್ತಿಗೆ ಹಂಚಿ, ಎರಡು ವಾರಕ್ಕೊಮ್ಮೆ ತೂಕ ನೋಡಿ, 10 ಗ್ರಾಮ್ ಹೆಚ್ಚುಕಮ್ಮಿ ಮಾಡ್ತಾ ಹೋಗಿ. ತರಬೇತಿಯ ಪನ್ನೀರು, ಚೀಸು ಇದೇ ಲೆಕ್ಕದೊಳಗೆ ಬರಬೇಕು, ಹತ್ತನೇ ಒಂದು ಭಾಗ ಮೀರಬಾರದು.

ಅತ್ತೆಯವರಿಗೆ “ಹಾಕಬೇಡಿ” ಅನ್ನೋದು ಯಾವ ಮನೆಯಲ್ಲೂ ನಡೆಯಲ್ಲ. ಬೆಳಗ್ಗೆಯೇ ಆ ದಿನದ ಪ್ಯಾಕೆಟ್ ಕಾಳಲ್ಲಿ 20 ಗ್ರಾಮ್ ತೆಗೆದು ಒಂದು ಡಬ್ಬಿಗೆ ಹಾಕಿ ಅವರ ಕೈಗೇ ಕೊಡಿ. ಅವರಿಗೂ ಹಾಕಿದ ಸಮಾಧಾನ, ನಿಮಗೂ ಲೆಕ್ಕ.

ಈಗ ವಿಷದ ಮಾತು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ಮೂತ್ರಪಿಂಡ ಕೆಡಿಸುತ್ತೆ, ಯಾವ ನಾಯಿಗೆ ಎಷ್ಟು ಅಂತ ಹೇಳೋಕಾಗಲ್ಲ. ನಮ್ಮ ಕಡೆ ಬೆಂಗಳೂರು ಬ್ಲೂ, ದಿಲ್‌ಖುಷ್ ದ್ರಾಕ್ಷಿ ಚಪ್ಪರದ ಕೆಳಗೆ ಉದುರಿದ ಹಣ್ಣೇ ಅಪಾಯ, ಮೇಲೆ ಹೊಡೆದಿರೋ ಮೈಲುತುತ್ತ ಬೇರೆ. ನಿಮ್ಮ ಕಡೆ ಪಾಯಸ, ಕೇಸರಿಬಾತಿನ ದ್ರಾಕ್ಷಿ. ತಿಂದದ್ದು ಗೊತ್ತಾದ ಕೂಡಲೇ ಡಾಕ್ಟರ ಹತ್ರ ಹೋದ್ರೆ ವಾಂತಿ ಮಾಡಿಸಿ ಉಳಿಸಬಹುದು. ಮನೇಲಿ ಉಪ್ಪುನೀರು ಕುಡಿಸಬೇಡಿ, ಉಪ್ಪೇ ವಿಷವಾಗುತ್ತೆ. ಈರುಳ್ಳಿ, ಬೆಳ್ಳುಳ್ಳಿ ಇರೋ ಸಾರು ಸ್ವಲ್ಪ ಸ್ವಲ್ಪವಾದರೂ ದಿನಾ ಬೇಡ, ರಕ್ತ ಕಣ ಒಡೆಯುತ್ತೆ. ಮಾವಿನ ವಾಟೆ ಕರುಳಲ್ಲಿ ಸಿಕ್ಕಿದ್ರೆ ಆಪರೇಷನ್ನೇ ಗತಿ. ಇಲಿ ಪಾಷಾಣ ಅಟ್ಟದ ಮೇಲಿಟ್ಟರೂ ಇಲಿ ಕೆಳಗೆ ತಂದು ಬೀಳಿಸುತ್ತೆ, ಬೀಗಲ್ ಇರೋ ಮನೇಲಿ ಅದು ಬೇಡವೇ ಬೇಡ. ಕಸದ ಡಬ್ಬಿ ಕೈಗೆಟುಕದಷ್ಟು ಎತ್ತರದಲ್ಲಿರಲಿ.

ಪಶುವೈದ್ಯ_ಕೋಲಾರ:

ಕಿವಿಯ ವಾಸನೆ ಬಂದಿದೆ ಎಂದಾದರೆ ಮೊದಲು ಪರೀಕ್ಷೆ, ಆಮೇಲೆ ಶುಚಿ. ಕಿವಿಯ ಪೊರೆ ಹರಿದಿದ್ದರೆ ಹೊರಗಿನಿಂದ ಹಾಕುವ ದ್ರಾವಣವೇ ಒಳಕಿವಿಗೆ ಹಾನಿ ಮಾಡಬಹುದು. ಕಂದು ಬಣ್ಣದ ಜಿಡ್ಡು, ಹುಳಿ ವಾಸನೆ ಸಾಮಾನ್ಯವಾಗಿ ಯೀಸ್ಟ್. ಹಳದಿ ಕೀವು ಬ್ಯಾಕ್ಟೀರಿಯಾ. ಕಾಫಿಪುಡಿಯಂತಹ ಕಪ್ಪು ಕಣಗಳಿದ್ದರೆ ನುಸಿ. ಮೂರಕ್ಕೂ ಔಷಧಿ ಬೇರೆ, ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದು ಹಾಕಬೇಡಿ. ವಾಸನೆ ಹೋಯಿತೆಂದು ಔಷಧಿ ನಡುವೆ ನಿಲ್ಲಿಸಿದರೆ ಮರಳಿ ಬರುತ್ತದೆ. ಜೋತುಬಿದ್ದ ಕಿವಿಯೊಳಗೆ ಗಾಳಿಯಾಡದು, ಅದರಿಂದ ಸೋಂಕು ಸುಲಭವಾಗಿ ಹಿಡಿಯುತ್ತದೆ.

ವಾಸಿಯಾದ ಮೇಲೆ ವಾರಕ್ಕೊಮ್ಮೆ ಮತ್ತು ಪ್ರತಿ ಸ್ನಾನದ ನಂತರ ನಾಯಿಗಳ ಕಿವಿ ದ್ರಾವಣ ತುಂಬಿಸಿ, ಕಿವಿಯ ಬುಡವನ್ನು ಅರ್ಧ ನಿಮಿಷ ಮೃದುವಾಗಿ ಉಜ್ಜಿ. ಒಳಗೆ ಪಚಪಚ ಸದ್ದು ಕೇಳಬೇಕು. ತಲೆ ಕೊಡವಲು ಬಿಡಿ. ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟು ಮಾತ್ರ ಒರೆಸಿ. ಕಡ್ಡಿ ಹತ್ತಿ, ಕೊಬ್ಬರಿ ಎಣ್ಣೆ ಬೇಡ.

ಹುಲ್ಲಿನಲ್ಲಿ ಕೆಲಸ ಮಾಡುವ ನಾಯಿಗೆ ಉಣ್ಣಿ ತಪ್ಪದು. ದಿನವೂ ಬೆರಳ ಸಂದು, ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಕೆಳಗೆ ನೋಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಹಸುಗಳಿಗೆ ಬಳಸುವ ಉಣ್ಣಿ ಔಷಧಿಯನ್ನು ಅಂದಾಜಿಗೆ ಕಲಸಿ ಹಚ್ಚುವುದು ನಮ್ಮ ಕಡೆ ರೂಢಿ. ನಾಯಿ ನೆಕ್ಕಿಕೊಂಡು ನಡುಕ, ಜೊಲ್ಲಿನೊಂದಿಗೆ ಆಸ್ಪತ್ರೆಗೆ ಬರುತ್ತದೆ. ಉಣ್ಣಿಗೆ ಕೊಡುವ ಮಾತ್ರೆಗಳಲ್ಲಿ ತಿಂಗಳಿಗೊಮ್ಮೆಯವು, ಮೂರು ತಿಂಗಳಿಗೊಮ್ಮೆಯವು ಇವೆ. ಬೀಗಲ್‌ಗಳಲ್ಲಿ ಮೂರ್ಛೆ ರೋಗ ಕಾಣಿಸುವುದುಂಟು. ಒಮ್ಮೆಯಾದರೂ ಫಿಟ್ಸ್ ಬಂದಿದ್ದರೆ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಹೇಳಿ. ಉಣ್ಣಿ ಕಡಿತದಿಂದ ಜ್ವರವೂ ಬರುತ್ತದೆ: ಊಟ ಬಿಡುವುದು, 39.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಬಿಳುಚಿದ ವಸಡು, ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಈ ಮೂಗಿನ ನಾಯಿ ಊಟ ಬಿಟ್ಟಿತೆಂದರೆ ಉಳಿದ ಲಕ್ಷಣಕ್ಕೆ ಕಾಯಬೇಕಾಗಿಲ್ಲ.

ಕ್ಯಾತ್ಸಂದ್ರ_ಕೊನೇಸಾಲು:

ಎಲ್ಲರಿಗೂ ಧನ್ಯವಾದ. ಕಿವಿ ನಾಳೆ ತೋರಿಸ್ತೀವಿ, ಗೇಟಿಗೆ ವೆಲ್ಡಿಂಗ್‌ನವರಿಗೆ ಹೇಳಿದ್ದೀವಿ. 10 ಮೀಟರ್ ಹಗ್ಗ ಅಂದ್ರಲ್ಲ, ಎಂಥದ್ದು? ಬಟನ್ ಒತ್ತಿದ್ರೆ ಒಳಗೆ ಸುತ್ತಿಕೊಳ್ಳೋದು ಇದೆ, ಅದೇ ಆಗುತ್ತಾ? ದೊಡ್ಡ ಮಗನ ಕೈಲಿ ಕೊಡಬಹುದಾ?

ಜಾಡುಗಾರ:

ಬಟನ್‌ದು ಬೇಡ. ಅದು ಯಾವಾಗಲೂ ಎಳೀತಾನೇ ಇರುತ್ತೆ, ಎಳೆದಷ್ಟೂ ಉದ್ದ ಸಿಗುತ್ತೆ ಅಂತ ನಾಯಿ ಕಲಿಯುತ್ತೆ. ಕೈಜಾರಿ ಬಿದ್ರೆ ಡಬ್ಬಿ ಹಿಂದೆ ದಡದಡ ಅಂತ ಬರೋದಕ್ಕೆ ಹೆದರಿ ಓಡುತ್ತೆ. ಒಂದು ಇಂಚಿನೊಳಗಿನ ಚಪ್ಪಟೆ ನೈಲಾನ್ ಪಟ್ಟಿ ತಗೊಳ್ಳಿ, ಒಂದು ತುದಿಗೆ ಗಟ್ಟಿ ಕೊಂಡಿ. ಇನ್ನೊಂದು ತುದೀಲಿ ಕೈ ತೂರಿಸೋ ಕುಣಿಕೆ ಇದ್ರೆ ಕತ್ತರಿಸಿಬಿಡಿ, ಪೊದೆಗೆ ಸಿಕ್ಕುತ್ತೆ. ಕೊರಳಪಟ್ಟಿಗೆ ಹಾಕಬೇಡಿ, ಹತ್ತು ಮೀಟರ್ ಓಡಿ ಬಂದು ಜಗ್ಗಿದ್ರೆ ಕತ್ತಿಗೆ ಪೆಟ್ಟು. ಎದೆ ಮೇಲೆ ವೈ ಆಕಾರದಲ್ಲಿ ಕೂರೋ ಹಾರ್ನೆಸ್ಸಿನ ಬೆನ್ನಿನ ಕೊಂಡಿಗೆ ಹಾಕಿ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಹಿಂದಕ್ಕೆ ಜಾರಿ ಬಿಚ್ಕೊಳ್ತಾನೆ. ಹಗ್ಗ ಹಿಡಿಯೋವಾಗ ಗ್ಲೌಸ್ ಹಾಕ್ಕೊಳ್ಳಿ, ಕೈಗೆ ಸುತ್ತಿಕೊಳ್ಳಬೇಡಿ.

ಹತ್ತು ವರ್ಷದವನಿಗೆ ಈ ಹಗ್ಗ ಬೇಡ. ಜಾಡು ಹಾಕೋ ಕೆಲಸ ಅವನಿಗೆ ಕೊಡಿ. ರಸ್ತೇಲಿ ಎರಡು ಮೀಟರಿನ ಮಾಮೂಲಿ ಪಟ್ಟಿಯನ್ನ ನೀವೂ ಅವನೂ ಒಟ್ಟಿಗೆ ಹಿಡಿದು ನಡೀಬಹುದು. ಬೀದಿನಾಯಿ ಗುಂಪು ಇರೋ ಗಲ್ಲಿ ಬಿಟ್ಟು ಬೇರೆ ದಾರಿ ಹಿಡೀರಿ.